ಕಾಂಟ್ರಾಕ್ಟ್ ಬಿಟ್ಟು ಪಗಾರಕ್ಕೆ: ಸೂಪರ್ ಮಾರ್ಕೆಟ್ ಹತ್ತಿರದ ಒಂದು ಸಿಎ ಆಫೀಸಿನ ಬಗ್ಗೆ

ಕಲಬುರಗಿಯಲ್ಲಿ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕಿಕೊಡುವವರಿಗೆ ಬರವಿಲ್ಲ. ಸೂಪರ್ ಮಾರ್ಕೆಟ್ ಅನ್ನುವ ಪೇಟೆಯಲ್ಲಿ ಒಂದು ಸುತ್ತು ಹಾಕಿದರೆ ಸಾಕು, ಬೋರ್ಡುಗಳು ಸಾಲಾಗಿ ಕಾಣುತ್ತವೆ. ಆದರೆ ಸ್ವಂತ ಕೆಲಸ ಬಿಟ್ಟು ಪಗಾರದ ನೌಕರಿಗೆ ಸೇರುವವರ ಹಳೆಯ ಲೆಕ್ಕ ಮುಗಿಸಿ, ಹೊಸ ಆಫರ್ ಲೆಟರ್ ಓದಿ, ಎರಡರ ನಡುವಿನ ಕಾಗದಗಳನ್ನೂ ನೋಡಿಕೊಡುವ ಜಾಗ ನನಗೆ ಸಿಕ್ಕಿದ್ದು ಇದೊಂದೇ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಆ ಅರ್ಧ ಯಾಕೆ ಕಡಿಮೆ ಅಂತ ಮುಂದೆ ಹೇಳುತ್ತೇನೆ.

ಆಫೀಸಿನ ಹೆಸರು ಇಲ್ಲಿ ಬರೆಯುತ್ತಿಲ್ಲ. ಸಿಎಗಳ ಜಾಹೀರಾತಿಗೆ ಅವರ ಸಂಸ್ಥೆಯ ಕಟ್ಟುನಿಟ್ಟಿನ ನಿಯಮಗಳಿವೆ. ಬರೆಯಲಾ ಅಂತ ಕೇಳಿದಾಗ ಅಲ್ಲಿಯ ಸಿಎ ಸರ್ ಒಂದೇ ಮಾತು ಹೇಳಿದರು: "ಬರಿ, ಆದ್ರ ಹೆಸರು ಬ್ಯಾಡವ್ವ." ಬೇಕಾದವರು ನನ್ನನ್ನು ಕೇಳಿದರೆ ದಾರಿ ಹೇಳುತ್ತೇನೆ.

ನನ್ನ ಕೆಲಸದ ಬಗ್ಗೆ ಸ್ವಲ್ಪ ಹೇಳಿದರೆ ಉಳಿದದ್ದು ಅರ್ಥವಾಗುತ್ತದೆ. ನಾನು ಪಿಡಿಎ ಕಾಲೇಜಿನಲ್ಲಿ ಸಿವಿಲ್ ಓದಿದವಳು. ಓದು ಮುಗಿಸಿ ಸ್ವಲ್ಪ ದಿನಕ್ಕೇ ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಸ್ವಂತಕ್ಕೆ ಕೆಲಸ ಶುರು ಮಾಡಿದೆ. ಕಟ್ಟಡದ ಡ್ರಾಯಿಂಗ್, ಕಬ್ಬಿಣದ ಬಾರ್ ಬೆಂಡಿಂಗ್ ಶೆಡ್ಯೂಲ್, ಎಸ್ಟಿಮೇಟ್ ಮಾಡಿಕೊಡುತ್ತಿದ್ದೆ. ಕಲಬುರಗಿ, ಸೇಡಂ, ಯಾದಗಿರಿ ಕಡೆಯ ಗುತ್ತಿಗೆದಾರರು ಇದ್ದರು. ಹೈದರಾಬಾದಿನ ಎರಡು ಫರ್ಮುಗಳೂ ಕೆಲಸ ಕೊಡುತ್ತಿದ್ದವು. ವರ್ಷಕ್ಕೆ ಸುಮಾರು 9 ಲಕ್ಷದ ಬಿಲ್ ಆಗುತ್ತಿತ್ತು. ಕೆಲಸಕ್ಕೆ ಯಾವತ್ತೂ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ದುಡ್ಡು ಬರುವ ದಿನಕ್ಕೆ. ಸರ್ಕಾರಿ ಕೆಲಸ ಹಿಡಿದ ಗುತ್ತಿಗೆದಾರರಿಗೆ ಬಿಲ್ ಪಾಸ್ ಆಗುವುದು ಹೆಚ್ಚಾಗಿ ಮಾರ್ಚ್‌ನಲ್ಲಿ. ಅಲ್ಲಿಯ ತನಕ "ನಮ್ದು ಬಿಲ್ ಆಗ್ಲಿ ಮೇಡಂ, ನಿಮ್ದು ಅವತ್ತೇ ಹಾಕ್ತೀವಿ" ಅನ್ನುವ ಮಾತು ಮಾತ್ರ. ಮನೆ ಸಾಲ ಕೇಳಲು ಹೋದರೆ ಬ್ಯಾಂಕಿನವರು ಸ್ವಂತ ಕೆಲಸದವರಿಂದ ವರ್ಷಗಟ್ಟಲೆ ರಿಟರ್ನ್ ಕೇಳುತ್ತಾರೆ. ಪಗಾರದವರಿಗೆ ಕೆಲವು ತಿಂಗಳ ಪೇ ಸ್ಲಿಪ್ ಮತ್ತು ಫಾರ್ಮ್ 16 (ಪಗಾರ, ಹಿಡಿದ ತೆರಿಗೆಯ ಬಗ್ಗೆ ಕಂಪನಿ ಕೊಡುವ ಪತ್ರ) ಇದ್ದರೆ ಮಾತು ಮುಂದೆ ಹೋಗುತ್ತದೆ.

2025ರ ನವೆಂಬರ್ ಶುರುವಿನಲ್ಲಿ ಒಂದು ಎಂಜಿನಿಯರಿಂಗ್ ಕನ್ಸಲ್ಟೆನ್ಸಿ ಕಂಪನಿಯಿಂದ ಆಫರ್ ಬಂತು. ಕಲಬುರಗಿಯಲ್ಲೇ ಆಫೀಸು, ವರ್ಷಕ್ಕೆ 8.40 ಲಕ್ಷ ಸಿಟಿಸಿ, ಅಂದರೆ ಕಂಪನಿ ನನ್ನ ಮೇಲೆ ಮಾಡುವ ಒಟ್ಟು ಖರ್ಚು.

ನಮ್ಮ ಕಡೆ ಖಾಯಂ ನೌಕರಿ ಅಂದರೆ ಎಲ್ಲರಿಗೂ ನೆನಪಾಗುವುದು ಸರ್ಕಾರಿ ನೌಕರಿ. ಕಲ್ಯಾಣ ಕರ್ನಾಟಕಕ್ಕೆ ಮೀಸಲಾತಿ ಕೊಡುವ 371ಜೆ ಬಂದ ಮೇಲಂತೂ ಮನೆ ಮನೆಯಲ್ಲೂ ಅದೇ ಮಾತು. ನಮ್ಮ ಅಪ್ಪ ನಿವೃತ್ತ ಶಾಲಾ ಮಾಸ್ತರರು. ಅವರಿಗೆ ಜಿಪಿಎಫ್ ಗೊತ್ತು, ಕೆಜಿಐಡಿ ಗೊತ್ತು, ಇಂಕ್ರಿಮೆಂಟ್ ಗೊತ್ತು. ಸಿಟಿಸಿ ಅನ್ನುವುದನ್ನು ಅವರು ಯಾವತ್ತೂ ಕಂಡವರಲ್ಲ. ಖಾಸಗಿ ಕಂಪನಿಯ ಲೆಟರ್ ಓದಿ ಹೇಳುವವರು ಮನೆಯಲ್ಲಿ ಇರಲಿಲ್ಲ, ನೆರೆಹೊರೆಯಲ್ಲೂ ಇರಲಿಲ್ಲ. ಇಂಥ ಆಫೀಸಿನ ಬೆಲೆ ನನಗೆ ಗೊತ್ತಾಗಿದ್ದು ಅದಕ್ಕೇ.

ಮೊದಲು ಇನ್ನೊಂದು ಕಡೆ ವಿಚಾರಿಸಿದ್ದೆ. ಅಲ್ಲಿಯವರು "ಜುಲೈದಾಗ ಫಾರ್ಮ್ 16 ತಗೊಂಡು ಬರ್ರಿ, ಹಾಕಿಕೊಡ್ತೀವಿ" ಅಂದರು. ತಪ್ಪೇನಿಲ್ಲ, ಅವರ ಕೆಲಸ ಅಷ್ಟೇ. ಆದರೆ ಜುಲೈ ಹೊತ್ತಿಗೆ ಸಹಿ ಹಾಕಿ ಎಂಟು ತಿಂಗಳಾಗಿರುತ್ತದೆ ಅಲ್ವಾ?

ಸೂಪರ್ ಮಾರ್ಕೆಟ್ ಬದಿಯ ಓಣಿಯಲ್ಲಿ ಒಂದು ಝೆರಾಕ್ಸ್ ಅಂಗಡಿ ಇದೆ. ಅದರ ಮೇಲೆ ಎರಡನೇ ಮಹಡಿಯಲ್ಲಿ ಈ ಆಫೀಸು. ಸರ್ ಹಿರಿಯರು. ಅವರ ಕಕ್ಷಿದಾರರಲ್ಲಿ ಗಂಜ್ ಮಾರುಕಟ್ಟೆಯ ತೊಗರಿ ವ್ಯಾಪಾರಿಗಳು, ದಾಲ್ ಮಿಲ್‌ನವರೇ ಜಾಸ್ತಿ. ಗೋಡೆ ಕಪಾಟಿನ ತುಂಬ ಅವರವೇ ಫೈಲು. ಇಲ್ಲಿ ನನ್ನಂಥವರ ಕೆಲಸ ಆಗುತ್ತದಾ ಅಂತ ಅನುಮಾನ ಬರುವುದು ಸಹಜ. ಆದರೆ ಕೊರೊನಾ ಆದ ಮೇಲೆ ಮನೆಯಿಂದಲೇ ಬೆಂಗಳೂರು, ಹೈದರಾಬಾದ್ ಕಂಪನಿಗಳಿಗೆ ಕೆಲಸ ಮಾಡುವ ಹುಡುಗ ಹುಡುಗಿಯರು ಇವರ ಹತ್ತಿರ ಬರತೊಡಗಿದರಂತೆ. ಅವರಲ್ಲಿ ಎಷ್ಟೋ ಜನ ಆಮೇಲೆ ಖಾಯಂ ಆದರು. ಹಾಗಾಗಿ ಸರ್‌ಗೂ ಕಂಪ್ಯೂಟರ್ ಮುಂದೆ ಕೂರುವ ಮೇಡಂಗೂ ಈ ದಾರಿ ಚೆನ್ನಾಗಿ ಗೊತ್ತು.

"ಕೂಡ್ರವ್ವ. ಸಹಿ ಮಾಡೀಯೇನು?" ಅಂತ ಕೇಳಿದರು. ಇಲ್ಲ ಅಂದೆ. "ಭಾಳ ಚಲೋ ಆಯ್ತು. ಪೈಲೆ ಲೆಕ್ಕ ಹಾಕೋಣು."

ಆ ಲೆಕ್ಕವನ್ನು ಇಲ್ಲಿ ಪೂರ್ತಿ ಬರೆಯುತ್ತೇನೆ. ನಮ್ಮ ಕಡೆಯ ಯಾರಿಗಾದರೂ ಉಪಯೋಗ ಆಗಲಿ.

ಸಿಟಿಸಿ 8.40 ಲಕ್ಷ ಅಂದರೆ ತಿಂಗಳಿಗೆ 70,000. ಇಷ್ಟು ಕೈಗೆ ಬರುವುದಿಲ್ಲ. ಕಂಪನಿ ಕಟ್ಟುವ ಪಿಎಫ್ ಅದರೊಳಗೇ ಇದೆ. ನೌಕರಿ ಬಿಡುವಾಗ ಕೊಡುವ ಗ್ರಾಚ್ಯುಟಿಗೆ ಅಂತ ಎತ್ತಿಡುವ ದುಡ್ಡೂ ಅದರೊಳಗೇ ಇದೆ. ಮೊದಲು ಬಂದ ಲೆಟರ್‌ನಲ್ಲಿ ಬೇಸಿಕ್ 21,000 ಮಾತ್ರ ಇತ್ತು, ಉಳಿದದ್ದೆಲ್ಲ ಬೇರೆ ಬೇರೆ ಅಲೋವೆನ್ಸ್. ಆ ಪ್ರಕಾರ ಕಂಪನಿಯ ಪಿಎಫ್ 2,520, ಗ್ರಾಚ್ಯುಟಿ ಸುಮಾರು 1,010, ನನ್ನ ಪಾಲಿನ ಪಿಎಫ್ 2,520, ವೃತ್ತಿ ತೆರಿಗೆ 200. ಎಲ್ಲ ಕಳೆದರೆ ಕೈಗೆ 63,750.

"ಈಗ ನಿಂದು ಹೇಳು. ಒಂಬತ್ತು ಲಕ್ಷದಾಗ ಎಷ್ಟು ಉಳಿತದ?" ಅಂತ ಕೇಳಿದರು. ಬಿಲ್ ಪುಸ್ತಕ, ಬ್ಯಾಂಕ್ ಸ್ಟೇಟ್‌ಮೆಂಟ್ ಎರಡೂ ತೆಗೆಸಿದರು. ಸಾಫ್ಟ್‌ವೇರ್ ಬಾಡಿಗೆ, ದೊಡ್ಡ ಹಾಳೆಯ ಪ್ರಿಂಟು, ಸೈಟಿಗೆ ಹೋಗುವ ಪೆಟ್ರೋಲು, ಇಂಟರ್‌ನೆಟ್ಟು, ಕಂಪ್ಯೂಟರ್ ರಿಪೇರಿ ಎಲ್ಲ ಸೇರಿ 1.60 ಲಕ್ಷ ಆಯಿತು. ಆಮೇಲೆ ಇನ್ನೊಂದು ಕಾಲಂ ಹಾಕಿಸಿದರು. ಬಿಲ್ ಕಳಿಸಿದರೂ ಬಾರದೇ ಹೋದ ದುಡ್ಡು. ವರ್ಷಕ್ಕೆ ಸುಮಾರು 40,000. ಉಳಿದದ್ದು 7 ಲಕ್ಷ, ತಿಂಗಳಿಗೆ 58,000 ಚಿಲ್ಲರೆ. ಫ್ರೀಲಾನ್ಸ್ ಮಾಡುವವರು ಬಿಲ್ಲಿನ ಮೊತ್ತವನ್ನು ಸಿಟಿಸಿ ಪಕ್ಕ ಇಟ್ಟು ನೋಡುತ್ತಾರೆ. ಎರಡೂ ಕೈಗೆ ಬರುವ ದುಡ್ಡಲ್ಲ. ಈ ಎರಡು ಕಾಲಂ ಒಂದೇ ಹಾಳೆಯಲ್ಲಿ ಎದುರುಬದುರು ಬರೆದುಕೊಟ್ಟಿದ್ದಕ್ಕೇ ಅವರ ಫೀಸಿನ ಅರ್ಧ ಸಲ್ಲುತ್ತದೆ ಅಂತ ನನ್ನ ಅಭಿಪ್ರಾಯ.

ಲೆಕ್ಕ ಅಲ್ಲಿಗೇ ನಿಲ್ಲಲಿಲ್ಲ. ನವೆಂಬರ್ 21ಕ್ಕೆ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾದವು. ಮರುದಿನವೇ ಸರ್ ಫೋನ್ ಮಾಡಿದರು. ಹೊಸ ನಿಯಮದಲ್ಲಿ ಅಲೋವೆನ್ಸ್‌ಗಳು ಒಟ್ಟು ಸಂಬಳದ ಅರ್ಧಕ್ಕಿಂತ ಜಾಸ್ತಿ ಇದ್ದರೆ, ಜಾಸ್ತಿಯಾದ ಭಾಗವನ್ನೂ ವೇತನದ ಲೆಕ್ಕಕ್ಕೇ ಸೇರಿಸಬೇಕು. "ಲೆಟರ್ ಬದಲಾಗ್ತದೇನು ಅಂತ ಎಚ್‌ಆರ್‌ಗೆ ಕೇಳವ್ವ, ಆಮ್ಯಾಲೆ ಸಹಿ ಮಾಡು" ಅಂದರು. ಕೇಳಿದೆ. ಕಂಪನಿಯವರೂ ಅದೇ ಕೆಲಸದಲ್ಲಿದ್ದರು. ಹೊಸ ಲೆಟರ್ ಬಂತು, ಬೇಸಿಕ್ 35,000 ಆಯಿತು.

ಇದರಿಂದ ಕೈಗೆ ಬರುವ ದುಡ್ಡು ಕಡಿಮೆಯಾಯಿತು. ಕಂಪನಿಯ ಪಿಎಫ್ 4,200, ಗ್ರಾಚ್ಯುಟಿ 1,683, ನನ್ನ ಪಿಎಫ್ 4,200, ವೃತ್ತಿ ತೆರಿಗೆ 200 ಕಳೆದು ಉಳಿದದ್ದು 59,717. ಮೊದಲಿಗಿಂತ 4,000 ಕಡಿಮೆ. ನನಗೆ ಬೇಜಾರಾಗಿತ್ತು, ಮುಚ್ಚಿಡುವುದಿಲ್ಲ. ಆಗ ಸರ್ ಪಿಎಫ್ ಕಾಲಂ ತೋರಿಸಿದರು. ಮೊದಲು ತಿಂಗಳಿಗೆ ಎರಡೂ ಪಾಲು ಸೇರಿ 5,040 ಬೀಳುತ್ತಿತ್ತು, ಈಗ 8,400. ವರ್ಷಕ್ಕೆ ಒಂದು ಲಕ್ಷದ ಮೇಲೆ. 2024-25ಕ್ಕೆ ಪಿಎಫ್ ಬಡ್ಡಿ 8.25%. ಇಷ್ಟು ವರ್ಷ ಸ್ವಂತ ಕೆಲಸ ಮಾಡಿದ ನನ್ನ ಹೆಸರಿನಲ್ಲಿ ನಿವೃತ್ತಿಗೆ ಅಂತ ಒಂದು ರೂಪಾಯಿ ಇರಲಿಲ್ಲ. ಆ ಕಾಲಂ ನೋಡಿದ ಮೇಲೆ ಬೇಜಾರು ಹೋಯಿತು.

ಇನ್ನೊಂದು ವಿಷಯವನ್ನೂ ಬಿಡಿಸಿ ಹೇಳಿದರು. ಮೊದಲ ಸಲ ಪಿಎಫ್‌ಗೆ ಸೇರುವಾಗಲೇ ವೇತನ 15,000 ದಾಟಿದ್ದರೆ ಪಿಂಚಣಿ ಯೋಜನೆಗೆ ಸೇರುವಂತಿಲ್ಲ. 2014ರ ಸೆಪ್ಟೆಂಬರ್‌ನಿಂದ ಇದೇ ನಿಯಮ. ಅಂಥವರಿಗೆ ಕಂಪನಿಯ ಪಾಲು ಪೂರ್ತಿ ಪಿಎಫ್ ಖಾತೆಗೇ ಹೋಗಬೇಕು. ನೌಕರಿಗೆ ಸೇರುವಾಗ ತುಂಬುವ ಫಾರ್ಮ್ 11ರಲ್ಲಿ ಇದನ್ನು ಸರಿಯಾಗಿ ತುಂಬದಿದ್ದರೆ ಪಾಲಿನ ಒಂದು ಭಾಗ ತಪ್ಪಿ ಪಿಂಚಣಿ ಲೆಕ್ಕಕ್ಕೆ ಹೋಗುತ್ತದೆ, ಆಮೇಲೆ ತಿದ್ದಿಸುವುದು ದೊಡ್ಡ ತಲೆನೋವು. ಗ್ರಾಚ್ಯುಟಿ ಬಗ್ಗೆಯೂ ಅಷ್ಟೇ ಸ್ಪಷ್ಟ. ಖಾಯಂ ನೌಕರಿಯಲ್ಲಿ ಸಾಮಾನ್ಯವಾಗಿ ಐದು ವರ್ಷ ತುಂಬಬೇಕು. ನನ್ನ ಬೇಸಿಕ್ ಹೀಗೇ ಇದ್ದರೆ ಐದು ವರ್ಷಕ್ಕೆ ಬರುವುದು 1,00,961 ರೂಪಾಯಿ. "ಅದು ಸಿಟಿಸಿದಾಗ ಅದ, ನಿನ್ನ ಕೈಯಾಗ ಇಲ್ಲ. ಐದು ವರ್ಷ ಇರ್ತೀ ಅಂದ್ರ ಮಾತ್ರ ಎಣಿಸಿಕೊ." ಇಷ್ಟು ನೇರವಾಗಿ ಎಚ್‌ಆರ್ ಯಾವತ್ತೂ ಹೇಳುವುದಿಲ್ಲ. ಪಗಾರ 21,000ದ ಮೇಲಿರುವುದರಿಂದ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ನನಗೆ ಅನ್ವಯಿಸುವುದಿಲ್ಲ, ಸೇಡಂ ರಸ್ತೆಯ ಇಎಸ್‌ಐ ಆಸ್ಪತ್ರೆಯನ್ನು ಲೆಕ್ಕಕ್ಕೆ ಹಿಡಿಯಬೇಡ ಅಂತಲೂ ಹೇಳಿದರು.

ತೆರಿಗೆ ವಿಷಯಕ್ಕೆ ಬಂದರೆ ನನ್ನದು ಸುಲಭದ ಕೇಸು. 2025-26ರ ಲೆಕ್ಕಕ್ಕೆ ಎಂಜಿನಿಯರಿಂಗ್ ಕೆಲಸ 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿಎ ಕಲಂನಲ್ಲಿ ಬರುತ್ತದೆ. ಬಂದ ದುಡ್ಡಿನಲ್ಲಿ ಕನಿಷ್ಠ ಅರ್ಧವನ್ನು ಆದಾಯ ಅಂತ ತೋರಿಸಬೇಕು, ದೊಡ್ಡ ಲೆಕ್ಕಪತ್ರ ಬೇಕಿಲ್ಲ. ಪಗಾರಕ್ಕೆ ಆ ಅನುಕೂಲ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಮಾತ್ರ. ಆದರೆ 2025-26ರಿಂದ 12 ಲಕ್ಷದ ತನಕ ಆದಾಯಕ್ಕೆ ತೆರಿಗೆಯೇ ಬೀಳುವುದಿಲ್ಲವಾದ್ದರಿಂದ ನಾನು ಎರಡೂ ಕಡೆ ಸೊನ್ನೆ.

ಆದರೆ ದೊಡ್ಡ ಬಿಲ್ ಮಾಡುವವರಿಗೆ ಇದು ಸಣ್ಣ ಮಾತಲ್ಲ. ನಾನು ಕೂತಿದ್ದಾಗ ಒಬ್ಬ ಸಾಫ್ಟ್‌ವೇರ್ ಹುಡುಗ ಬಂದಿದ್ದ. ಮನೆಯಿಂದಲೇ ಕೆಲಸ, ವರ್ಷಕ್ಕೆ 30 ಲಕ್ಷ ಬಿಲ್. ಅದೇ ಕಂಪನಿ ಅವನಿಗೆ 30 ಲಕ್ಷ ಪಗಾರಕ್ಕೆ ಖಾಯಂ ಆಗು ಅಂದಿತ್ತು. ಸರ್ ಅವನ ಎದುರೇ ಲೆಕ್ಕ ಹಾಕಿದರು. ಕಾಂಟ್ರಾಕ್ಟ್‌ನಲ್ಲಿ 15 ಲಕ್ಷ ಆದಾಯ ಅಂತ ತೋರಿಸಿದರೆ ತೆರಿಗೆ, ಸೆಸ್ ಸೇರಿ 1,09,200. ಪಗಾರದಲ್ಲಿ 29.25 ಲಕ್ಷಕ್ಕೆ 4,75,800. ವ್ಯತ್ಯಾಸ ಮೂರೂವರೆ ಲಕ್ಷದ ಮೇಲೆ. "ಅಷ್ಟಕ್ಕೆ ಅಷ್ಟೇ ಒಪ್ಪಬ್ಯಾಡಪ್ಪ. ಈ ಹಾಳೆ ತೋರಿಸಿ ಮಾತಾಡು" ಅಂದರು. ಅವನು ಆ ಹಾಳೆಯ ಫೋಟೋ ಹೊಡೆದುಕೊಂಡು ಹೋದ.

ಹಳೆಯ ಕೆಲಸ ಮುಗಿಸುವುದು ಇದಕ್ಕಿಂತ ಕಷ್ಟದ್ದು. ಇಲ್ಲೇ ಈ ಆಫೀಸಿನ ಕೈಚಳಕ ಕಂಡಿತು.

ನನ್ನ ವಹಿವಾಟು 20 ಲಕ್ಷಕ್ಕಿಂತ ಎಷ್ಟೋ ಕಡಿಮೆ. ಜಿಎಸ್‌ಟಿ ಬೇಕಿರಲಿಲ್ಲ. ಹೈದರಾಬಾದಿನವರು ನಂಬರ್ ಬೇಕೇ ಬೇಕು ಅಂದಿದ್ದಕ್ಕೆ ಮಾಡಿಸಿದ್ದೆ. ನೌಕರಿ ಸೇರಿದ ಮೇಲೆ ಆ ನಂಬರ್ ಸುಮ್ನೆ ಬಿಟ್ಟರೆ ಆಗುವುದಿಲ್ಲ. ವ್ಯವಹಾರ ಇಲ್ಲದಿದ್ದರೂ ರಿಟರ್ನ್ ಹಾಕುತ್ತಲೇ ಇರಬೇಕು, ತಪ್ಪಿದರೆ ದಿನದ ಲೆಕ್ಕದಲ್ಲಿ ಲೇಟ್ ಫೀ. ರದ್ದು ಮಾಡಿಸಲು ಅರ್ಜಿ ಹಾಕಬೇಕು. ರದ್ದಾದ ಮೇಲೂ ಮೂರು ತಿಂಗಳೊಳಗೆ ಜಿಎಸ್‌ಟಿಆರ್-10 ಅನ್ನುವ ಕೊನೆಯ ರಿಟರ್ನ್ ಬೇರೆ ಇದೆ. ಬಹಳ ಜನ ಮರೆಯುವುದು ಇದನ್ನೇ ಅಂತ ಮೇಡಂ ಹೇಳಿದರು. ನಂಬರ್ ರದ್ದಾಯಿತು, ಮುಗೀತು ಅಂದುಕೊಳ್ಳುತ್ತಾರೆ. ಆಮೇಲೆ ನೋಟಿಸ್ ಬರುತ್ತದೆ.

ಅರ್ಜಿಗೆ ಮೊದಲು ಸರ್ ಒಂದು ಷರತ್ತು ಹಾಕಿದರು. ಮಾಡಿಕೊಟ್ಟ ಕೆಲಸದ್ದೆಲ್ಲ ಬಿಲ್ ಮೊದಲು ಕಳಿಸು. ಯಾದಗಿರಿ ಕಡೆಯ ಒಬ್ಬ ಗುತ್ತಿಗೆದಾರರು ಬಿಲ್ ಮಾರ್ಚ್‌ನಲ್ಲಿ ಕೊಡಿ, ಈಗ ಬೇಡ ಅನ್ನುತ್ತಿದ್ದರು. ಸರ್ ಒಪ್ಪಲಿಲ್ಲ. ಬಿಲ್ ಈಗಲೇ ಹೋಗಲಿ, ಅದರ ಜಿಎಸ್‌ಟಿ ಈಗಲೇ ಕಟ್ಟು, ದುಡ್ಡು ಅವರು ಕೊಟ್ಟಾಗ ಕೊಡಲಿ ಅಂದರು. ಇನ್ನೂ ಬಾರದ ದುಡ್ಡಿಗೆ ತೆರಿಗೆ ಕಟ್ಟುವುದು ಕಷ್ಟವೇ. ಆದರೆ ನಂಬರ್ ರದ್ದಾದ ಮೇಲೆ ಹಳೆಯ ಕೆಲಸಕ್ಕೆ ಜಿಎಸ್‌ಟಿ ಬಿಲ್ ಕೊಡಲು ಬರುವುದಿಲ್ಲ, ಆಗ ಅವರು ದುಡ್ಡು ಕೊಡದಿರಲು ಅದೇ ನೆಪ ಆಗುತ್ತದೆ. ಈ ಮಾತು ನನಗೆ ಸರಿ ಅನ್ನಿಸಿತು.

ಕಂಪ್ಯೂಟರ್ ಲೆಕ್ಕವನ್ನೂ ಅವರೇ ಎತ್ತಿದರು. 2023ರ ಜನವರಿಯಲ್ಲಿ 90,000ಕ್ಕೆ ತಗೊಂಡಿದ್ದೆ, ಮೇಲೆ 16,200 ಜಿಎಸ್‌ಟಿ. ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ನಾನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಲು, ಪಡೆದಿದ್ದೆ. ನಂಬರ್ ರದ್ದು ಮಾಡುವಾಗ ಐದು ವರ್ಷ, ಅಂದರೆ 60 ತಿಂಗಳಲ್ಲಿ ಉಳಿದ ತಿಂಗಳುಗಳ ಪಾಲನ್ನು ವಾಪಸ್ ಕಟ್ಟಬೇಕು. ಉಳಿದದ್ದು 24 ತಿಂಗಳು, ಕಟ್ಟಿದ್ದು 6,480 ರೂಪಾಯಿ. ಈಗಿನ ಮಾರುವ ಬೆಲೆಯ ಮೇಲೆ ಬರುವ ತೆರಿಗೆ ಇದಕ್ಕಿಂತ ಜಾಸ್ತಿ ಆಗುತ್ತದೇನು ಅಂತಲೂ ನೋಡಿದರು, ಯಾಕೆಂದರೆ ಎರಡರಲ್ಲಿ ದೊಡ್ಡದನ್ನೇ ಕಟ್ಟಬೇಕು. ಡಿಸೆಂಬರ್ ತ್ರೈಮಾಸಿಕದ ರಿಟರ್ನ್ ಹಾಕಿ ಜನವರಿಯಲ್ಲಿ ಅರ್ಜಿ ಕೊಟ್ಟೆವು. ಕೊನೆಯ ರಿಟರ್ನ್ ಕೂಡ ಈಗ ಆಗಿದೆ.

ಅಷ್ಟರಲ್ಲಿ ಡಿಸೆಂಬರ್ 1ಕ್ಕೇ ನೌಕರಿಗೆ ಸೇರಿದ್ದೆನಲ್ಲ, ಬಾಕಿ ಡ್ರಾಯಿಂಗ್‌ಗಳ ಕಥೆ ಏನು ಅಂತ ನೀವು ಕೇಳಬಹುದು. ಆಫರ್ ಲೆಟರ್‌ನಲ್ಲಿ ಹೊರಗಿನ ಕೆಲಸ ಮಾಡುವಂತಿಲ್ಲ ಅಂತ ಒಂದು ಸಾಲು ಇತ್ತು. ಸ್ವಂತ ಕೆಲಸದಿಂದ ಬರುವವರಿಗೆ ಇದೇ ಎಲ್ಲಕ್ಕಿಂತ ಅಪಾಯದ ಸಾಲು. ಯಾರಿಗೂ ಗೊತ್ತಾಗಲ್ಲ ಬಿಡು ಅಂತ ಗೆಳೆಯರು ಹೇಳುತ್ತಾರೆ. ಗೊತ್ತಾಗುತ್ತದೆ, ಟಿಡಿಎಸ್ (ದುಡ್ಡು ಕೊಡುವವರು ಮೊದಲೇ ಹಿಡಿಯುವ ತೆರಿಗೆ) ಕಟ್ಟಾದ ಪ್ರತಿ ರೂಪಾಯಿಯ ದಾಖಲೆ ಇದ್ದೇ ಇರುತ್ತದೆ. ಸರ್ ಹೇಳಿದಂತೆ ಸಹಿಗೆ ಮುಂಚೆಯೇ ಎಚ್‌ಆರ್‌ಗೆ ಮೇಲ್ ಬರೆದೆ. ಕೈಯಲ್ಲಿರುವ ಕೆಲಸ ಇಂತಿಂಥವು, ಡಿಸೆಂಬರ್ 31ರೊಳಗೆ ಮುಗಿಸುತ್ತೇನೆ, ಅನುಮತಿ ಕೊಡಿ ಅಂತ. ಒಪ್ಪಿಗೆ ಮೇಲ್‌ನಲ್ಲೇ ಬಂತು. ನೌಕರಿ ಬಿಟ್ಟ ಮೇಲೆ ಒಂದು ವರ್ಷ ಇದೇ ಕ್ಷೇತ್ರದಲ್ಲಿ ಕೆಲಸ ಮಾಡಬಾರದು ಅನ್ನುವ ಇನ್ನೊಂದು ಸಾಲೂ ಇತ್ತು. ಅದಕ್ಕೆ ಸರ್, 1872ರ ಕರಾರು ಕಾಯ್ದೆಯ 27ನೇ ಕಲಂ ಇಂಥ ನಿರ್ಬಂಧಕ್ಕೆ ಮಾನ್ಯತೆ ಕೊಡುವುದಿಲ್ಲ, ಆದರೂ ಇದು ವಕೀಲರ ವಿಷಯ, ಅವರನ್ನು ಕೇಳು ಅಂದರು. ತಮ್ಮ ಕೆಲಸದ ಗಡಿ ಎಲ್ಲಿ ಅಂತ ಗೊತ್ತಿರುವವರ ಮೇಲೆ ನನಗೆ ನಂಬಿಕೆ ಜಾಸ್ತಿ.

ಟಿಡಿಎಸ್‌ದು ಬೇರೆಯೇ ಕಥೆ. ವೃತ್ತಿಪರ ಫೀಸಿನ ಮೇಲೆ 10% ಕಟ್ ಆಗುತ್ತದೆ. ಒಬ್ಬ ಗುತ್ತಿಗೆದಾರರು 1.80 ಲಕ್ಷದಲ್ಲಿ 18,000 ಹಿಡಿದುಕೊಂಡು ಉಳಿದದ್ದು ಕೊಟ್ಟಿದ್ದರು. 26ಎಎಸ್‌ನಲ್ಲಿ, ಅಂದರೆ ನನ್ನ ಹೆಸರಿಗೆ ಜಮೆಯಾದ ತೆರಿಗೆಯ ಪಟ್ಟಿಯಲ್ಲಿ, ಅದು ಕಾಣುತ್ತಿರಲಿಲ್ಲ. ಜುಲೈ-ಸೆಪ್ಟೆಂಬರ್ ತ್ರೈಮಾಸಿಕದ ಟಿಡಿಎಸ್ ರಿಟರ್ನ್ ಅವರು ಅಕ್ಟೋಬರ್ 31ರೊಳಗೆ ಹಾಕಿರಬೇಕು, ಹಾಕಿಲ್ಲ ಅಂತ ಮೇಡಂ ಒಂದೇ ನೋಟದಲ್ಲಿ ಹೇಳಿದರು. ಬಿಲ್ ನಂಬರ್, ತಾರೀಖು, ಹಿಡಿದ ಮೊತ್ತ ಬರೆದು ಒಂದು ಪುಟದ ಪತ್ರ ತಯಾರಿಸಿ ಅವರ ಅಕೌಂಟೆಂಟ್‌ಗೆ ಕಳಿಸಿದರು. ಜಗಳದ ಮಾತು ಒಂದೂ ಇಲ್ಲ. ಫೆಬ್ರವರಿಯಲ್ಲಿ 26ಎಎಸ್‌ನಲ್ಲಿ ಬಂತು. ನಾನೇ ಫೋನ್ ಮಾಡಿದ್ದರೆ "ಆಯ್ತು ಮೇಡಂ, ನೋಡ್ತೀವಿ" ಅನ್ನುವಲ್ಲಿಗೇ ಮುಗಿಯುತ್ತಿತ್ತು. ಈ ವರ್ಷದ ನನ್ನ ಒಟ್ಟು ಆದಾಯ ಯಾವ ಲೆಕ್ಕದಲ್ಲಿ ನೋಡಿದರೂ 12 ಲಕ್ಷದೊಳಗೇ, ಹಾಗಾಗಿ ಕಟ್ಟಾದ ಟಿಡಿಎಸ್ ರಿಫಂಡ್ ಬರಬೇಕು. ದಾಖಲೆಯಲ್ಲಿ ಇಲ್ಲದ 18,000ಕ್ಕೆ ರಿಫಂಡ್ ಕೇಳುವುದು ಹೇಗೆ?

ವೃತ್ತಿ ತೆರಿಗೆ ಸಣ್ಣ ಮೊತ್ತ, ಆದರೆ ಎರಡು ಸಲ ಹೋಗುತ್ತಿತ್ತು. ಸ್ವಂತ ಕೆಲಸದವಳಾಗಿ ಏಪ್ರಿಲ್‌ನಲ್ಲೇ 2,500 ಕಟ್ಟಿದ್ದೆ. ಕಂಪನಿಯೂ ತಿಂಗಳಿಗೆ 200, ಫೆಬ್ರವರಿಯಲ್ಲಿ 300 ಹಿಡಿಯುತ್ತದೆ. ಸಂವಿಧಾನದ 276ನೇ ವಿಧಿಯ ಪ್ರಕಾರ ಒಬ್ಬರಿಂದ ವರ್ಷಕ್ಕೆ 2,500ಕ್ಕಿಂತ ಜಾಸ್ತಿ ವೃತ್ತಿ ತೆರಿಗೆ ತೆಗೆದುಕೊಳ್ಳುವಂತಿಲ್ಲ. ಕಟ್ಟಿದ ರಸೀದಿಯನ್ನು ಎಚ್‌ಆರ್‌ಗೆ ಕೊಡಿಸಿ ಈ ವರ್ಷದ್ದು ನಿಲ್ಲಿಸಿದರು. ಹಳೆಯ ನೋಂದಣಿ ರದ್ದತಿಗೂ ಅರ್ಜಿ ಹಾಕಿದ್ದಾರೆ.

ಈಗ ಮೇಡಂ ಬಗ್ಗೆ ಎರಡು ಮಾತು. ಪಿಎಫ್‌ಗೆ ಯುಎಎನ್ (ಪಿಎಫ್ ಸದಸ್ಯರ ಗುರುತಿನ ನಂಬರ್) ಮಾಡುವುದು ಸುಲಭ, ಉಮಂಗ್ ಆಪ್‌ನಲ್ಲಿ ಮುಖ ತೋರಿಸಿದರೆ ನಂಬರ್ ಬರುತ್ತದೆ. ಕಷ್ಟ ಇರುವುದು ಹೆಸರಿನಲ್ಲಿ. ನಮ್ಮ ಕಡೆಯ ಹೆಣ್ಣುಮಕ್ಕಳ ಕಾಗದಗಳನ್ನು ತೆಗೆದು ನೋಡಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪನ ಹೆಸರು, ಆಧಾರ್‌ನಲ್ಲಿ ಮನೆತನದ ಹೆಸರು, ಪಾನ್‌ನಲ್ಲಿ ಬರೀ ಇನಿಷಿಯಲ್. ಕೊನೆಯ ಅಕ್ಷರ ಒಂದು ಕಡೆ ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ಮೇಡಂ ಮೊದಲ ದಿನವೇ ಎಲ್ಲ ಕಾರ್ಡುಗಳನ್ನು ಟೇಬಲ್ ಮೇಲೆ ಸಾಲಾಗಿ ಇಟ್ಟು ಅಕ್ಷರ ಅಕ್ಷರ ಹೋಲಿಸಿದರು. "ಅಕ್ಕ, ಯುಎಎನ್‌ಗೆ ಮೊದ್ಲು ಪಾನ್ ತಿದ್ದಿಸ್ರಿ. ಆಧಾರ್‌ದಾಗ ಹೆಂಗದ ಹಂಗೇ ಇರ್ಲಿ" ಅಂದರು. ಪಾನ್ ತಿದ್ದುಪಡಿಗೆ ಕೆಲವು ವಾರ ಹಿಡಿಯಿತು. ಆದರೆ ಯುಎಎನ್ ಆದ ಮೇಲೆ ಕೆವೈಸಿ ಒಂದೇ ಸಲಕ್ಕೆ ಪಾಸಾಯಿತು. ಮೊದಲ ತಿಂಗಳ 8,400 ಪಾಸ್‌ಬುಕ್‌ನಲ್ಲಿ ಕಾಣಿಸಿದ ದಿನ ಅಪ್ಪನಿಗೆ ತೋರಿಸಿದೆ. ಪಿಂಚಣಿ ಭಾಗ ಸೊನ್ನೆ, ಪೂರ್ತಿ ಪಿಎಫ್‌ನಲ್ಲೇ ಇದೆ.

ಆರೋಗ್ಯ ವಿಮೆಯ ಸಲಹೆಯನ್ನೂ ಹೇಳಿಬಿಡುತ್ತೇನೆ. ಕಂಪನಿಯ ಗ್ರೂಪ್ ವಿಮೆ ಇದೆ ಅಂತ ಸ್ವಂತ ಪಾಲಿಸಿ ನಿಲ್ಲಿಸುವ ಯೋಚನೆ ಮಾಡಿದ್ದೆ. ನಿಲ್ಲಿಸಬೇಡ ಅಂದರು. ನೌಕರಿ ಹೋದರೆ ಗ್ರೂಪ್ ವಿಮೆಯೂ ಹೋಗುತ್ತದೆ. ಆಗ ಹೊಸ ಪಾಲಿಸಿ ತಗೊಂಡರೆ ಹಳೆ ಕಾಯಿಲೆಗಳಿಗೆ ಕಾಯುವ ಅವಧಿ ಮತ್ತೆ ಮೊದಲಿನಿಂದ ಶುರು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಪ್ರೀಮಿಯಂ ಮೇಲೆ ಜಿಎಸ್‌ಟಿಯೂ ಇಲ್ಲ. ಇದನ್ನು ಹೇಳಿದ್ದರಿಂದ ಅವರಿಗೆ ಏನೂ ಲಾಭವಿಲ್ಲ, ಅವರು ಪಾಲಿಸಿ ಮಾರುವವರಲ್ಲ.

ಇನ್ನು ಕೊರತೆಗಳು. ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದು. ಅಪ್ಪನನ್ನು ಕರೆದುಕೊಂಡು ಹೋಗಬೇಕು ಅಂದುಕೊಂಡಿದ್ದೆ, ಆಗಲಿಲ್ಲ. ಜಿಎಸ್‌ಟಿ ಕೊನೆ ದಿನಗಳು ಬಂದರೆ ಫೋನ್ ಎತ್ತುವುದಿಲ್ಲ. ತಿಂಗಳ 10, 11ನೇ ತಾರೀಖು, ಆಮೇಲೆ 18ರಿಂದ 20ರ ತನಕ ಅಲ್ಲಿ ಹೋಗುವುದೇ ಬೇಡ. ಸೆಪ್ಟೆಂಬರ್ ತಿಂಗಳು ಪೂರ್ತಿ ಆಡಿಟ್ ಗದ್ದಲ. ಹೊರದೇಶದ ಕಂಪನಿಗಳಿಗೆ ಕೆಲಸ ಮಾಡುವವರ ಕೇಸು ಅವರು ತಗೊಳ್ಳುವುದಿಲ್ಲ, ಅದನ್ನು ಮೊದಲೇ ಹೇಳಿ ಕಳಿಸುತ್ತಾರೆ.

ನಾನು ಅರ್ಧ ಅಂಕ ಕಳೆದಿದ್ದು ಇವಕ್ಕಲ್ಲ. ಅಲ್ಲಿ ಸಲಹೆ ಎಲ್ಲ ಬಾಯಿಮಾತಿನಲ್ಲಿ ಸಿಗುತ್ತದೆ. ಆ ಲೆಕ್ಕದ ಹಾಳೆ ಬಿಟ್ಟರೆ ಏನು ಮಾಡಬೇಕು, ಯಾವ ತಾರೀಖಿಗೆ ಮಾಡಬೇಕು ಅಂತ ಬರೆದು ಕೊಡುವುದಿಲ್ಲ. ನಾನು ನೋಟ್‌ಬುಕ್‌ನಲ್ಲಿ ಬರೆದುಕೊಂಡೆ, ಸರಿ. ಆದರೆ ಹೊಸ ನೌಕರಿಯ ಗಡಿಬಿಡಿಯಲ್ಲಿ ಎಲ್ಲರಿಗೂ ಅದು ನೆನಪಿರುವುದಿಲ್ಲ. ಇಷ್ಟು ಒಳ್ಳೆಯ ಕೆಲಸ ಮಾಡುವವರು ಒಂದು ಪುಟದ ಪಟ್ಟಿ ಟೈಪ್ ಮಾಡಿ ಕೊಡಬೇಕು. ಇದನ್ನು ಮೇಡಂಗೂ ಹೇಳಿದ್ದೇನೆ.

ಫೀಸು: ಆಫರ್ ಲೆಟರ್ ಓದಿ ಲೆಕ್ಕ ಹಾಕಿದ್ದು, ಜಿಎಸ್‌ಟಿ ರದ್ದತಿ, ಕೊನೆಯ ರಿಟರ್ನ್, ವೃತ್ತಿ ತೆರಿಗೆ, ಟಿಡಿಎಸ್ ಪತ್ರ ಎಲ್ಲ ಸೇರಿ 6,000, ಜಿಎಸ್‌ಟಿ ಸೇರಿಸಿ 7,080. ರಸೀದಿ ಕೊಟ್ಟರು. ಪಾನ್ ತಿದ್ದುಪಡಿಗೆ ಸರ್ಕಾರಿ ಶುಲ್ಕ ಬಿಟ್ಟು ಏನೂ ತಗೊಂಡಿಲ್ಲ. ಇನ್‌ಕಮ್ ಟ್ಯಾಕ್ಸ್ ರಿಟರ್ನ್‌ಗೆ ಬೇರೆ. ಈ ವರ್ಷ ಪಗಾರವೂ ಇದೆ, ವೃತ್ತಿಯ ಆದಾಯವೂ ಇದೆ, ಹಾಗಾಗಿ ಐಟಿಆರ್-4. ಆ ಕೆಲಸ ಇನ್ನೂ ಬಾಕಿ, ಅದರ ಬಗ್ಗೆ ಈಗಲೇ ಅಂಕ ಕೊಡಲು ಬರುವುದಿಲ್ಲ. ಬರೀ ಪಗಾರದವರಾಗಿದ್ದು ಒಂದೇ ಫಾರ್ಮ್ 16 ಇದ್ದರೆ ಇಲ್ಲಿ ತನಕ ಬರುವ ಅಗತ್ಯವೇ ಇಲ್ಲ, ಐಟಿಆರ್-1 ಮನೆಯಲ್ಲೇ ತುಂಬಬಹುದು. ಸರ್ ಕೂಡ ಹಾಗೇ ಹೇಳುತ್ತಾರೆ.

ಹೋಗುವುದಾದರೆ ಆಫರ್ ಲೆಟರ್‌ಗೆ ಸಹಿ ಹಾಕುವ ಮುಂಚೆ ಹೋಗಿ. ಲೆಟರ್‌ನ ಎಲ್ಲ ಪುಟಗಳ ಪ್ರಿಂಟು, ಎರಡು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟು, ಬಿಲ್‌ಗಳು, 26ಎಎಸ್, ಆಧಾರ್, ಪಾನ್, ಮಾರ್ಕ್ಸ್ ಕಾರ್ಡ್ ತಗೊಂಡು ಹೋಗಿ. ಝೆರಾಕ್ಸ್ ಕೆಳಗೇ ಆಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಸರ್ಕಾರಿ ಆಫೀಸುಗಳ ಹಾಗೆ ಇವರೂ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತಾರೆ. ಉಳಿದ ತಿಂಗಳುಗಳಲ್ಲಿ ಸಂಜೆ ಸರ್ ಇರುವುದಿಲ್ಲ, ಮೇಡಂ ಮಾತ್ರ ಇರುತ್ತಾರೆ. ಪಿಎಫ್, ಪಾನ್ ಕೆಲಸಕ್ಕಾದರೆ ಸಂಜೆಯೇ ಹೋಗಿ.